‘ಯಾಕೆ ಹೋದೆ?’ ಅಲ್ಲ, ‘ತೊಳೆದೆಯಾ?’

ಒಂದು ಮಳೆಗಾಲದ ಬೆಳಿಗ್ಗೆ. ಮೂರನೇ ತರಗತಿಯಲ್ಲಿ ಮಗ್ಗಿ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಮಾಷ್ಟ್ರೇ, ನಾಯಿ ಕಚ್ಚಿದವರು ನಾಯಿ ಹಾಗೆ ಬೊಗಳ್ತಾರಂತೆ, ಹೌದಾ?” ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. “ಮಗ್ಗಿ ಹೇಳುವಾಗ ಎಂತ ನಾಯಿ ಸುದ್ದಿ, ಕೂತ್ಕೊ” ಎಂದು ಕೂರಿಸಿದೆವು.

ಮಧ್ಯಾಹ್ನ ಊಟದ ಸಾಲಿನಲ್ಲಿ ಬಟ್ಟಲು ಹಿಡಿದು ನಿಂತಿದ್ದಾಗ ಅವನ ಕಾಲು ಕಣ್ಣಿಗೆ ಬಿತ್ತು. ಮೀನಖಂಡದ ಮೇಲೆ ಒಣಗಿದ ಎರಡು ಗೀರು, ಪಕ್ಕದಲ್ಲಿ ಹಲ್ಲು ಊರಿದ ಸಣ್ಣ ಗುರುತು. ಬಸ್‌ಸ್ಟಾಪಿನ ಹತ್ತಿರದ ಮೋರಿಯಲ್ಲಿದ್ದ ನಾಯಿಮರಿಯಂತೆ. ಆಗಿ ಮೂರು ದಿನವಾಗಿತ್ತು. “ಮರಿ ಅಲ್ವಾ ಮಾಷ್ಟ್ರೇ, ಸ್ವಲ್ಪ ಪರಚಿದ್ದು ಅಷ್ಟೆ” ಎಂದ. ಆಗ ನಮ್ಮ ಬಾಯಿಂದ ಬಂದ ಮೊದಲ ಮಾತು ಯಾವುದು ಗೊತ್ತೇ? “ನಾಯಿಮರಿ ಹತ್ರ ನೀನು ಯಾಕೆ ಹೋದ್ದು?”

ಹುಡುಗ ತಲೆ ತಗ್ಗಿಸಿದ. ಮತ್ತೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ಹೇಳದೇ ಇದ್ದುದಕ್ಕೂ ಇದೇ ಕಾರಣ ಎಂದು ಆಮೇಲೆ ಅವನ ಗೆಳೆಯರಿಂದ ತಿಳಿಯಿತು. ಹೇಳಿದರೆ ಅಪ್ಪ ಹೊಡೆಯುತ್ತಾರೆ. ಅದರ ಮೇಲೆ ದೊಡ್ಡ ತರಗತಿಯ ಹುಡುಗರು ‘ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್’ ಎಂದು ಹೆದರಿಸಿದ್ದರು. ಹಾಗಾಗಿ ಎಂಟು ವರ್ಷದ ಆ ಮಗು ಮೂರು ದಿನ ಒಬ್ಬನೇ ಹೆದರಿಕೊಂಡು ಕೊನೆಗೆ ‘ಬೊಗಳ್ತಾರಾ’ ಎಂಬ ಪ್ರಶ್ನೆಯಾಗಿ ನಮ್ಮ ಮುಂದೆ ಅದನ್ನು ಇಟ್ಟಿದ್ದ. ನಾವು ನಕ್ಕು ಕೂರಿಸಿದ್ದೆವು.

ಅವನ ತಾಯಿಯನ್ನು ಕರೆಸಿದೆವು. ಬೀಡಿ ಸೂಪು ಕೆಳಗಿಟ್ಟು ಓಡಿ ಬಂದರು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಸುರುವಾಯಿತು. ಹುಡುಗ ಚೆನ್ನಾಗಿದ್ದಾನೆ. ಆದರೆ ಅಂದು ಊಟದ ಸಾಲಿನಲ್ಲಿ ಅವನ ಕಾಲು ನಮ್ಮ ಕಣ್ಣಿಗೆ ಬೀಳದೇ ಇದ್ದಿದ್ದರೆ? ಈ ಪ್ರಶ್ನೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಈ ಬರಹಕ್ಕೆ ಅದೇ ಕಾರಣ.

ರೇಬೀಸ್ ಬಗ್ಗೆ ಪಾಠಪುಸ್ತಕದಲ್ಲಿ ಇರುವಷ್ಟು ಎಲ್ಲರಿಗೂ ಗೊತ್ತು. ರೋಗ ಇರುವ ಪ್ರಾಣಿಯ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ಕಚ್ಚಿದಾಗ, ಪರಚಿದಾಗ, ಇದ್ದ ಗಾಯವನ್ನೋ ಕಣ್ಣು ಬಾಯಿಯನ್ನೋ ನೆಕ್ಕಿದಾಗ ಅದು ನಮ್ಮ ಮೈಗೆ ಸೇರುತ್ತದೆ. ಆಮೇಲೆ ಅದು ರಕ್ತದಲ್ಲಿ ಓಡಾಡುವುದಿಲ್ಲ. ಗಾಯದ ಹತ್ತಿರದ ನರವನ್ನು ಹಿಡಿದು ನಿಧಾನವಾಗಿ ಮೆದುಳಿನ ಕಡೆಗೆ ನಡೆಯುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ವರ್ಷ. ಮೆದುಳು ಮುಟ್ಟಿ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆಂದೇ ಹೇಳಬೇಕು. ನೀರು ಕುಡಿಯಲು ಹೋದರೆ ಗಂಟಲಿನ ಸ್ನಾಯುಗಳು ಸೆಟೆದು ಹಿಂಡುತ್ತವೆ, ಅದಕ್ಕೇ ರೋಗಿ ನೀರಿಗೆ ಹೆದರುತ್ತಾನೆ. ಕೆಲವರ ಧ್ವನಿ ಒಡೆದು ವಿಚಿತ್ರವಾಗುತ್ತದೆ. ಅದನ್ನೇ ಜನ ‘ಬೊಗಳುವುದು’ ಎಂದರು. ಹುಡುಗನ ಪ್ರಶ್ನೆಗೆ ಅಂದು ನಾವು ಕೊಡಬೇಕಾಗಿದ್ದ ಉತ್ತರ ಇದು.

ಹಾಗೆಂದರೆ, ಕಚ್ಚಿದ ದಿನಕ್ಕೂ ಲಕ್ಷಣ ಕಾಣುವ ದಿನಕ್ಕೂ ನಡುವೆ ನಮಗೆ ಸಮಯ ಸಿಗುತ್ತದೆ. ಇಷ್ಟು ಭಯಂಕರ ರೋಗವೊಂದು ಇಷ್ಟು ಸಮಯ ಕೊಡುವುದೇ ಅಪರೂಪ. ಆ ಸಮಯವನ್ನು ನಾವು ಕಳೆದುಕೊಳ್ಳುವುದು ಹೆಚ್ಚಾಗಿ ಮೌನದಿಂದ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು. ಭಾರತದಲ್ಲಿ 2022-23ರಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆ ವರ್ಷಕ್ಕೆ ಸುಮಾರು 5,700 ಜನ ಈ ರೋಗದಿಂದ ಸಾಯುತ್ತಾರೆಂದು ಅಂದಾಜು ಮಾಡಿತು. ಇವರಲ್ಲಿ ಎಷ್ಟು ಮಕ್ಕಳು ‘ಅಪ್ಪ ಬೈಯುತ್ತಾರೆ’ ಎಂದು ಸುಮ್ಮನಿದ್ದವರೋ, ಆ ಲೆಕ್ಕವನ್ನು ಯಾವ ಸಮೀಕ್ಷೆ ಕೊಟ್ಟೀತು?

ಇಲ್ಲಿ ಒಂದು ಶಬ್ದದ ಮೇಲೂ ನಮ್ಮ ದೂರಿದೆ. ನಾವು ಕನ್ನಡದಲ್ಲಿ ‘ಹುಚ್ಚುನಾಯಿ ರೋಗ’ ಎನ್ನುತ್ತೇವೆ. ತುಳುವಿನಲ್ಲಿ ‘ಮರ್ಲ್ ನಾಯಿ’. ಮಲಯಾಳದಲ್ಲಿ ‘ಪೇಪಟ್ಟಿ’. ಮೂರೂ ಭಾಷೆ ಒಂದೇ ಚಿತ್ರ ಕೊಡುತ್ತವೆ: ಬಾಲ ಮುದುರಿ, ನಾಲಗೆ ಚಾಚಿ, ನೊರೆ ಸುರಿಸುತ್ತಾ ಕಂಡಕಂಡವರಿಗೆ ಎರಗುವ ನಾಯಿ. ಅಂಥ ನಾಯಿ ಕಂಡರೆ ಯಾರೂ ಎಚ್ಚರ ತಪ್ಪುವುದಿಲ್ಲ. ಆದರೆ ರೋಗ ಬಂದ ಎಲ್ಲ ನಾಯಿಗಳೂ ಹಾಗೆ ಕೆರಳುವುದಿಲ್ಲ. ಕೆಲವು ಮಂಕಾಗಿ ಕತ್ತಲ ಮೂಲೆಯಲ್ಲಿ ಮಲಗುತ್ತವೆ, ದವಡೆ ಜೋತು ಬೀಳುತ್ತದೆ, ನುಂಗಲು ಕಷ್ಟಪಡುತ್ತವೆ. ಮಾತ್ರವಲ್ಲ, ಲಕ್ಷಣ ಕಾಣುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರಬಹುದು. ಆಗ ಆ ನಾಯಿ ನೋಡಲು ನಮ್ಮ ಅಂಗಳದ ನಾಯಿಯ ಹಾಗೇ ಇರುತ್ತದೆ. ಮರಿಗಳಿಗೂ ರೋಗ ಬರುತ್ತದೆ. ನಮ್ಮ ಹುಡುಗ ‘ಮರಿ ಅಲ್ವಾ’ ಎಂದದ್ದು, ಅವನ ಮನೆಯವರು ‘ಅದಕ್ಕೆ ಹುಚ್ಚು ಹಿಡಿದ ಹಾಗೆ ಕಾಣಲಿಲ್ಲ’ ಎಂದದ್ದು, ಎರಡೂ ಆ ಶಬ್ದ ಕಲಿಸಿದ ಪಾಠವೇ.

ನಾಯಿ ಮಾತ್ರವೂ ಅಲ್ಲ. ಮನುಷ್ಯರಿಗೆ ಬರುವ ರೇಬೀಸಿನಲ್ಲಿ ನೂರಕ್ಕೆ 99 ಪಾಲು ನಾಯಿಗಳಿಂದಲೇ ಬರುವುದು ನಿಜ. ಆದರೆ ಬೆಕ್ಕು, ಗುಳ್ಳೆನರಿ, ಮುಂಗುಸಿ ಕೂಡ ಹರಡಬಲ್ಲವು. ಹಟ್ಟಿಯ ದನಕ್ಕೆ ನಾಯಿಯೋ ನರಿಯೋ ಕಚ್ಚಿದರೆ ಅದಕ್ಕೂ ಬರುತ್ತದೆ. ನಮ್ಮ ಕಡೆ ತೋಟ ಗುಡ್ಡೆಗಳ ಪಕ್ಕದ ಮನೆಗಳಲ್ಲಿ ಇದು ಗೊತ್ತಿರಬೇಕಾದ ವಿಷಯ. ದನ ಮೇವು ಬಿಟ್ಟು ಜೊಲ್ಲು ಸುರಿಸುತ್ತಾ ಒಂದೇ ಸಮನೆ ಕೂಗಿದರೆ ನಾವು ಏನು ಮಾಡುತ್ತೇವೆ? ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಯೊಳಗೆ ಕೈ ಹಾಕಿ ನೋಡುತ್ತೇವೆ. ಅಡಿಕೆ ಸುಲಿದು, ಹುಲ್ಲು ಹೆರೆದು ಗೀರುಗಳಾದ ಕೈ. ದಯವಿಟ್ಟು ಹಾಗೆ ಕೈ ಹಾಕಬೇಡಿ. ಮೊದಲು ಪಶುವೈದ್ಯರನ್ನು ಕರೆಸಿ. ಕೈ ಹಾಕಿಯಾಗಿದ್ದರೆ ತೊಳೆದು ಆಸ್ಪತ್ರೆಗೆ ಹೋಗಿ, ಹಾಕಿದ್ದು ಹೇಳಿ.

ಇನ್ನು ತೊಳೆಯುವ ಮಾತು. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಈ ವೈರಸಿಗೆ ಕೊಬ್ಬಿನ ಒಂದು ಹೊದಿಕೆ ಇದೆ, ಸಾಬೂನು ಆ ಹೊದಿಕೆಯನ್ನು ಒಡೆಯುತ್ತದೆ. ಅದಕ್ಕಾಗಿಯೇ ಬಚ್ಚಲಿನ ಸಾಮಾನ್ಯ ಸಾಬೂನು ಇಲ್ಲಿ ಮೊದಲ ಮದ್ದು. 15 ನಿಮಿಷ ಎಂದರೆ ಎಷ್ಟೆಂದು ಗಡಿಯಾರ ಇಟ್ಟು ನೋಡಿ, ನಾವಂದುಕೊಂಡದ್ದಕ್ಕಿಂತ ಬಹಳ ಉದ್ದ. ಆದರೆ ನಮ್ಮಲ್ಲಿ ಆಗುವುದೇನು? ಅರಸಿನ ಮೆತ್ತುತ್ತೇವೆ, ಸುಣ್ಣ ಹಚ್ಚುತ್ತೇವೆ, ಮೆಣಸಿನ ಹುಡಿ, ಕಾಫಿ ಹುಡಿ, ತೆಂಗಿನೆಣ್ಣೆ... ಗಾಯ ಕೆರಳಿ ವೈರಸಿಗೆ ನರದ ದಾರಿ ಇನ್ನಷ್ಟು ಸಲೀಸಾಗಬಹುದು. ‘ವಿಷ ಇಳಿಸುವವರ’ ಮನೆಗೆ ಹೋಗಿ ಬರುವಷ್ಟರಲ್ಲಿ ದಿನ ಹೋಗುತ್ತದೆ. ಹಾವಿನ ವಿಷವೇ ಬೇರೆ, ಇದು ಬೇರೆ. ಇದು ವಿಷವಲ್ಲ, ರೋಗಾಣು.

ಲಸಿಕೆಯ ಬಗ್ಗೆ ಮಕ್ಕಳು ಹೇಳುವ ಹದಿನಾಲ್ಕು ಇಂಜೆಕ್ಷನಿನ ಕಥೆ ಸುಳ್ಳಲ್ಲ, ಹಳೆಯದು. ಫ್ರಾನ್ಸಿನ ಲೂಯಿ ಪಾಶ್ಚರ್ 1885ರ ಜುಲೈಯಲ್ಲಿ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಬಾರಿ ಲಸಿಕೆ ಕೊಟ್ಟು ಉಳಿಸಿದರು. ನಮ್ಮ ದಕ್ಷಿಣದಲ್ಲಿ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆ ಸುರುವಾಯಿತು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬವರು ರೂಪಿಸಿದ, ಕುರಿಯ ಮೆದುಳಿನಿಂದ ತಯಾರಿಸುವ ಲಸಿಕೆಯನ್ನೇ ಮುಂದೆ ಬಹಳ ಕಾಲ ದೇಶದಲ್ಲಿ ಬಳಸಿದರು. ಹೊಟ್ಟೆಯ ಮೇಲೆ ದಿನಾ ಒಂದರಂತೆ ಚುಚ್ಚುತ್ತಿದ್ದುದು ಅದನ್ನೇ. 2005ರ ಹೊತ್ತಿಗೆ ಅದು ಭಾರತದಲ್ಲಿ ನಿಂತೇಹೋಯಿತು. ಈಗಿನ ಲಸಿಕೆ ತೋಳಿಗೆ. ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಕ್ರಮದಲ್ಲಿ ನಾಲ್ಕು ದಿನ ಹೋಗಬೇಕು: ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಮಾಂಸಖಂಡಕ್ಕೆ ಕೊಡುವ ಕ್ರಮದಲ್ಲಿ 14ನೇ ದಿನವೂ ಸೇರಿ ಐದು. ‘ಪಕ್ಕದ ಮನೆಯವರಿಗೆ ಐದು ಕೊಟ್ಟರು, ನಮ್ಮ ಮಗುವಿಗೆ ನಾಲ್ಕೇ’ ಎಂದು ತಾಯಂದಿರು ಗಾಬರಿಯಾಗುವುದುಂಟು. ಎರಡೂ ಸರಿಯೇ. ಅರ್ಧದಲ್ಲಿ ಬಿಡುವುದು ಮಾತ್ರ ತಪ್ಪು. ನಮ್ಮ ಗಡಿಯ ಜನ ಒಂದು ಡೋಸ್ ಇಲ್ಲಿ, ಇನ್ನೊಂದು ಮಂಗಳೂರಿನಲ್ಲೋ ಪುತ್ತೂರಿನಲ್ಲೋ ತೆಗೆದುಕೊಳ್ಳಬೇಕಾಗಿ ಬರುತ್ತದೆ. ಹಾಗಾಗಿ ಆಸ್ಪತ್ರೆಯ ಚೀಟಿಯನ್ನು ರೇಶನ್ ಕಾರ್ಡಿನಷ್ಟೇ ಜೋಪಾನ ಮಾಡಿ. ಯಾವ ಕ್ರಮ, ಎಷ್ಟನೇ ಡೋಸ್ ಎಂಬುದು ಅದರಲ್ಲಿ ಮಾತ್ರ ಇರುತ್ತದೆ.

ಈಗ ಒಂದು ಕಷ್ಟದ ವಿಷಯಕ್ಕೆ ಬರುತ್ತೇವೆ. “ಇಂಜೆಕ್ಷನ್ ಕೊಟ್ಟರೂ ಮಕ್ಕಳು ಸತ್ತರಲ್ಲ ಮಾಷ್ಟ್ರೇ, ಮತ್ತೆ ಯಾಕೆ?” ಎಂದು ಪಾಲಕರ ಸಭೆಯಲ್ಲಿ ಕೇಳುತ್ತಾರೆ. ಅವರು ಕೇಳುವುದು ತಪ್ಪಲ್ಲ. 2022ರ ಸೆಪ್ಟೆಂಬರಿನಲ್ಲಿ ಪತ್ತನಂತಿಟ್ಟ ಜಿಲ್ಲೆಯ ಒಬ್ಬಳು ಹುಡುಗಿ ಮೂರು ಡೋಸ್ ಆದ ಮೇಲೂ ತೀರಿಕೊಂಡಳು. 2025ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಲಪ್ಪುರಂ, ಕೊಲ್ಲಂ ಜಿಲ್ಲೆಗಳ ಇಬ್ಬರು ಪುಟ್ಟ ಮಕ್ಕಳು ಲಸಿಕೆ ಪಡೆದೂ ಉಳಿಯಲಿಲ್ಲ. ಇಡೀ ಕೇರಳ ಮರುಗಿತು, ಹೆದರಿತು. 2022ರಲ್ಲಿ ಲಸಿಕೆಯನ್ನೇ ಪರೀಕ್ಷೆಗೆ ಕಳಿಸಿದರು, ಗುಣಮಟ್ಟ ಸರಿಯಿದೆ ಎಂದು ವರದಿ ಬಂತು. ಹಾಗಾದರೆ ಯಾಕೆ?

ಲಸಿಕೆ ಹಾಕಿದ ಕೂಡಲೇ ಮೈಯಲ್ಲಿ ರಕ್ಷಣೆ ಹುಟ್ಟುವುದಿಲ್ಲ, ಒಂದೆರಡು ವಾರ ಬೇಕು. ತಲೆ, ಮುಖ, ಕುತ್ತಿಗೆ, ಬೆರಳುಗಳಲ್ಲಿ ನರಗಳು ದಟ್ಟವಾಗಿವೆ. ತಲೆ ಮುಖದಿಂದ ಮೆದುಳಿಗೆ ದಾರಿಯೂ ಹತ್ತಿರ. ಮಕ್ಕಳು ಗಿಡ್ಡ, ನಾಯಿಯ ಬಾಯಿಗೆ ಅವರ ಮುಖವೇ ಸಿಗುತ್ತದೆ. ಹಲ್ಲು ನೇರ ನರಕ್ಕೆ ಊರಿದರೆ ಲಸಿಕೆಗೂ ರೋಗಕ್ಕೂ ನಡೆಯುವ ಓಟದಲ್ಲಿ ರೋಗ ಮುಂದಾಗಬಹುದು. ಅದಕ್ಕಾಗಿಯೇ ರಕ್ತ ಬಂದ ಕಡಿತಕ್ಕೆ ಲಸಿಕೆ ಮಾತ್ರ ಸಾಲದು. ಸೀರಮ್ ಎಂದು ನಾವು ಕರೆಯುವ ಇಮ್ಯುನೋಗ್ಲಾಬ್ಯುಲಿನನ್ನು ಗಾಯದ ಒಳಗೆ ಮತ್ತು ಸುತ್ತ ಕೊಡಬೇಕು. ಅದು ಸಿದ್ಧ ರಕ್ಷಣೆ, ಅಲ್ಲೇ ವೈರಸನ್ನು ತಡೆಯುತ್ತದೆ. ಎಲ್ಲ ಚಿಕ್ಕ ಆಸ್ಪತ್ರೆಗಳಲ್ಲೂ ಅದು ಇರುವುದಿಲ್ಲ. ‘ಸೀರಮ್ ಬೇಕಾ ಡಾಕ್ಟ್ರೇ, ಎಲ್ಲಿ ಸಿಗ್ತದೆ?’ ಎಂದು ಬಾಯಿಬಿಟ್ಟು ಕೇಳಬೇಕು. ಮೊದಲ ಡೋಸ್ ಆಗಿ ಏಳು ದಿನ ಕಳೆದ ಮೇಲೆ ಅದನ್ನು ಕೊಡುವುದಿಲ್ಲ. ಕೆಲವು ಮಕ್ಕಳು ಎಲ್ಲ ಪ್ರಯತ್ನದ ಮೇಲೂ ಉಳಿಯದೇ ಹೋದದ್ದು ನಿಜ. ಆದರೆ ತೊಳೆದು, ಲಸಿಕೆ ಸೀರಮ್ ಎರಡನ್ನೂ ಹೊತ್ತಿಗೆ ಸರಿಯಾಗಿ ಪಡೆದವರಲ್ಲಿ ಬಹುತೇಕ ಎಲ್ಲರೂ ಉಳಿಯುತ್ತಾರೆ. ಅಪರೂಪದ ಆ ಸಾವುಗಳನ್ನು ತೋರಿಸಿ ಲಸಿಕೆ ಬೇಡವೆನ್ನುವುದು, ಕೊಡೆ ಹಿಡಿದವನೂ ಒದ್ದೆಯಾದ ಎಂದು ಆಟಿಯ ಮಳೆಯಲ್ಲಿ ಕೊಡೆ ಬಿಸಾಡಿದ ಹಾಗೆ.

ಇಷ್ಟೆಲ್ಲ ಹೇಳಿದ್ದರಲ್ಲಿ ಹೊಸತೇನೂ ಇಲ್ಲ. ಆಸ್ಪತ್ರೆಗಳ ಗೋಡೆಗಳಲ್ಲಿ, ಕರಪತ್ರಗಳಲ್ಲಿ ಇದೇ ಇದೆ. 2025ರ ಜೂನ್ 30ರಂದು ಕೇರಳದ ಶಾಲೆಗಳಲ್ಲಿ ರೇಬೀಸ್ ಕುರಿತೇ ವಿಶೇಷ ಅಸೆಂಬ್ಲಿ ನಡೆಯಿತು. ಮೆಚ್ಚಬೇಕಾದ ಕೆಲಸ. ಆದರೆ ನಮ್ಮ ಕೈಗೆ ಬರುವ ಹೆಚ್ಚಿನ ಭಿತ್ತಿಪತ್ರಗಳಲ್ಲಿ ಇರುವುದು ‘ಪೇವಿಷಬಾಧ’. ನಮ್ಮ ತರಗತಿಯಲ್ಲಿ ಮನೆಯಲ್ಲಿ ತುಳು ಆಡುವವರು, ಹವ್ಯಕ ಆಡುವವರು, ಬ್ಯಾರಿ, ಕೊಂಕಣಿ, ಮರಾಠಿ ಆಡುವವರು ಇದ್ದಾರೆ. ಇವರೆಲ್ಲ ಓದಲು ಕಲಿಯುತ್ತಿರುವುದು ಕನ್ನಡ ಅಕ್ಷರ. ಅವರ ಅಮ್ಮಂದಿರಲ್ಲಿ ಅನೇಕರಿಗೆ ಓದಲು ಬರುವುದೂ ಕನ್ನಡ ಮಾತ್ರ. ಮಲಯಾಳ ಕೇಳಿದರೆ ಅರ್ಥವಾದೀತು, ಗೋಡೆಯ ಮೇಲಿನ ಅಕ್ಷರ ಓದಲು ಬಾರದು.

ನಾವು ಮಲಯಾಳದ ವಿರೋಧಿಗಳಲ್ಲ. ಮಕ್ಕಳಿಗೆ ಮಲಯಾಳ ಬರಬೇಕು, ಈ ನಾಡಿನಲ್ಲೇ ಬದುಕಬೇಕಾದವರು ಅವರು. ಭಾಷೆಯ ಹಕ್ಕಿನ ಬಗ್ಗೆ ನಾವು ಗಡಿಯವರು ಮಾತನಾಡುವಾಗ ಹೆಚ್ಚಾಗಿ ಪಿಎಸ್‌ಸಿ, ನೇಮಕಾತಿ, ಬೋರ್ಡು ಎನ್ನುತ್ತೇವೆ. ಅದೂ ಬೇಕು. ಆದರೆ ಒಂದು ಮಗುವಿನ ಕಾಲಿನ ಗೀರನ್ನು 15 ನಿಮಿಷ ತೊಳೆಯಬೇಕು ಎಂಬ ಒಂದು ಸಾಲು ಅದರ ತಾಯಿ ಓದಬಲ್ಲ ಅಕ್ಷರದಲ್ಲಿ ಇರಬೇಕೆನ್ನುವುದಕ್ಕಿಂತ ದೊಡ್ಡ ಭಾಷಾ ಬೇಡಿಕೆ ಯಾವುದಿದೆ? ಇದಕ್ಕೆ ಹೋರಾಟ ಬೇಕಾಗಿಲ್ಲ. ಪಂಚಾಯತ್ ಮನಸ್ಸು ಮಾಡಿದರೆ ಒಂದು ಹಾಳೆ ಕಾಗದ ಸಾಕು. ಭಾಷಾಂತರ ನಾವು ಶಿಕ್ಷಕರು ಮಾಡಿ ಕೊಡುತ್ತೇವೆ. ಆಶಾ ಕಾರ್ಯಕರ್ತೆಯರು, ಕುಟುಂಬಶ್ರೀಯವರು ಮನೆಮನೆಗೆ ಮುಟ್ಟಿಸುತ್ತಾರೆ.

ನಾಯಿಗಳ ಬಗ್ಗೆಯೂ ಹೇಳದಿದ್ದರೆ ಮಾತು ಪೂರ್ತಿಯಾಗದು. ‘ಎಲ್ಲ ಕೊಂದುಬಿಡಿ’ ಎನ್ನುವವರೂ ಇದ್ದಾರೆ, ‘ಮುಟ್ಟಬೇಡಿ’ ಎನ್ನುವವರೂ ಇದ್ದಾರೆ. ಕೊಂದು ಖಾಲಿಯಾದ ಜಾಗಕ್ಕೆ ಬೇರೆ ಕಡೆಯ ನಾಯಿಗಳು, ಲಸಿಕೆ ಇಲ್ಲದವು, ಬಂದು ಸೇರುತ್ತವೆ. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆಯಾದರೆ ರೋಗದ ಸರಪಣಿ ಕಡಿಯುತ್ತದೆ ಎಂಬುದು ಲೋಕದ ಅನುಭವ. ಗೋವಾದಲ್ಲಿ ವರ್ಷ ವರ್ಷ ನಾಯಿಗಳಿಗೆ ಸಾಮೂಹಿಕ ಲಸಿಕೆ ಹಾಕಿದರು, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕಲಿಸಿದರು. 2021ರಲ್ಲಿ ಅದನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ನಮ್ಮ ಪಂಚಾಯತುಗಳಿಗೆ ಆಗದ್ದೇನಿದೆ?

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡ್ ಮುಂತಾದ ಆವರಣಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯ ಕೇಂದ್ರಗಳಿಗೆ ಸಾಗಿಸಬೇಕು, ಆವರಣಕ್ಕೆ ಬೇಲಿ ಗೇಟು ಇರಬೇಕು ಎಂದು ಆದೇಶಿಸಿತು. ಒಳ್ಳೆಯದು. ಆದರೆ ನಮ್ಮ ಶಾಲೆಯ ಅಂಗಳಕ್ಕೆ ನಾಯಿಗಳನ್ನು ಕರೆದದ್ದು ಯಾರು? ಮಧ್ಯಾಹ್ನದ ಊಟ ಮುಗಿದ ಮೇಲೆ ಉಳಿದ ಅನ್ನವನ್ನು ಬಾವಿಕಟ್ಟೆಯ ಹಿಂದೆ ಚೆಲ್ಲುತ್ತಿದ್ದವರು ನಾವೇ. ಕೋಳಿ ಅಂಗಡಿಯ ಕಸವನ್ನು ಚೀಲದಲ್ಲಿ ಕಟ್ಟಿ ರಾತ್ರಿ ಮೋರಿಗೆ ಎಸೆಯುವವರೂ ನಮ್ಮೂರಿನವರೇ. ಆ ಮರಿ ಸಿಕ್ಕಿದ್ದು ಅದೇ ಮೋರಿಯಲ್ಲಿ. ಮನೆಯ ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸದೆ, ಹೆಣ್ಣು ಮರಿಗಳನ್ನು ಗೋಣಿಯಲ್ಲಿ ತುಂಬಿ ಪೇಟೆಯಲ್ಲಿ ಬಿಟ್ಟು ಬಂದು, ಆಮೇಲೆ ಬೀದಿನಾಯಿ ಕಾಟವೆಂದು ಅರ್ಜಿ ಬರೆಯುವುದರಲ್ಲಿ ಅರ್ಥವಿಲ್ಲ.

ಆ ಘಟನೆಯ ನಂತರ ನಮ್ಮ ಶಾಲೆಯಲ್ಲಿ ಕೆಲವು ಸಣ್ಣ ಬದಲಾವಣೆ ಮಾಡಿದೆವು. ಕೈತೊಳೆಯುವ ನಳ್ಳಿಯ ಬಳಿ ಸಾಬೂನು ಸದಾ ಇರುತ್ತದೆ. ಉಳಿದ ಅನ್ನಕ್ಕೆ ಮುಚ್ಚಳವಿರುವ ಗೊಬ್ಬರದ ಗುಂಡಿ ಆಯಿತು. ಪ್ರತಿ ಸೋಮವಾರ ಅಸೆಂಬ್ಲಿಯಲ್ಲಿ ಒಂದೇ ಪ್ರಶ್ನೆ: “ಈ ವಾರ ಯಾರಿಗಾದರೂ ನಾಯಿ, ಬೆಕ್ಕು ಕಚ್ಚಿದ್ದು, ಪರಚಿದ್ದು, ಗಾಯ ನೆಕ್ಕಿದ್ದು ಉಂಟಾ?” ಕನ್ನಡದಲ್ಲಿ ಕೇಳುತ್ತೇವೆ, ತುಳುವಿನಲ್ಲೂ ಕೇಳುತ್ತೇವೆ. ಹೇಳಿದ ಮಗುವಿಗೆ ಬೈಗುಳ ಇಲ್ಲ. ಮೊದಲ ವಾರ ಯಾರೂ ಕೈ ಎತ್ತಲಿಲ್ಲ. ಮೂರನೇ ವಾರ ಒಂದನೇ ತರಗತಿಯ ಪುಟ್ಟಿಯೊಬ್ಬಳು ಎತ್ತಿದಳು. ಮನೆಯ ಬೆಕ್ಕು ಪರಚಿತ್ತು. ನಳ್ಳಿಯ ಬಳಿ ಕೂರಿಸಿ ಗಡಿಯಾರ ನೋಡುತ್ತಾ ತೊಳೆದೆವು, ಮನೆಯವರಿಗೆ ಫೋನು ಮಾಡಿದೆವು, ಅಂದೇ ಆಸ್ಪತ್ರೆಗೆ ಹೋದರು.

ಓದುವ ಅಪ್ಪ ಅಮ್ಮಂದಿರಲ್ಲಿ, ಶಿಕ್ಷಕ ಮಿತ್ರರಲ್ಲಿ ನಮ್ಮ ಕೋರಿಕೆ ಇಷ್ಟೇ. ಮಗು ಬಂದು ‘ನಾಯಿ ಕಚ್ಚಿತು’ ಎಂದರೆ ‘ಯಾಕೆ ಹೋದೆ’ ಎನ್ನಬೇಡಿ. ಆ ಪ್ರಶ್ನೆಗೆ ಉತ್ತರ ಸಿಕ್ಕಿದರೂ ಪ್ರಯೋಜನವಿಲ್ಲ, ಮತ್ತು ಮುಂದಿನ ಸಲ ಆ ಮಗು ಹೇಳುವುದಿಲ್ಲ. ‘ತೊಳೆದೆಯಾ? ಬಾ, ತೊಳೆಯುವ’ ಎನ್ನಿ. ಬೈಯಲೇಬೇಕೆಂದಿದ್ದರೆ ಕೊನೆಯ ಡೋಸ್ ಆದ ಮೇಲೆ ಬೈಯಿರಿ. ಅಷ್ಟರಲ್ಲಿ ಸಿಟ್ಟೂ ಇಳಿದಿರುತ್ತದೆ.

ಆ ಹುಡುಗ ಈಗ ಐದನೇ ತರಗತಿ. ಚಿಕ್ಕ ಮಕ್ಕಳಿಗೆ ಹದಿನಾಲ್ಕು ಇಂಜೆಕ್ಷನಿನ ಕಥೆ ಹೇಳುವವರು ಯಾರಾದರೂ ಸಿಕ್ಕಿದರೆ ತೋಳು ತೋರಿಸಿ ಹೇಳುತ್ತಾನೆ: “ಸುಳ್ಳು. ಇಲ್ಲಿಗೇ ಕೊಡುದು. ಇರುವೆ ಕಚ್ಚಿದ ಹಾಗೆ ಆಗ್ತದೆ, ಅಷ್ಟೆ.” ನಮ್ಮ ಭಾಷಣಕ್ಕಿಂತ ಮಕ್ಕಳು ಅವನ ಮಾತನ್ನೇ ಹೆಚ್ಚು ನಂಬುತ್ತಾರೆ. ನಂಬಲಿ.